ಯಾವಾಗ ಕೈಕೊಡುತ್ತದೆ? ಹಳೆಯ ಜೋರು ಕಾರುಗಳ ಇಗ್ನಿಷನ್ ದೋಷ ಹುಡುಕುವ ಬಗೆ

ಆರಿದ್ರಾ ಮಳೆ ಹಿಡಿಯಿತು ಅಂದರೆ ಚಿಕ್ಕಮಗಳೂರು ಕಡೆ ಹಳೆ ಪೆಟ್ರೋಲ್ ಕಾರುಗಳ ಕಾಯಿಲೆ ಶುರು. ಬೆಳಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಸುತ್ತುತ್ತದೆ, ಹತ್ತುವುದಿಲ್ಲ. ಹತ್ತು ಗಂಟೆಗೆ ಸ್ವಲ್ಪ ಬಿಸಿಲು ಬಿದ್ದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಅಷ್ಟರಲ್ಲಿ ಯಾರೋ ಬಂದು ಕಾರ್ಬುರೇಟರ್ ಬಿಚ್ಚಿ ಇಟ್ಟಿರುತ್ತಾರೆ.

ನಮ್ಮ ಮನೆಯಲ್ಲೂ ಹೀಗೇ ಆಗಿದೆ. ಅಪ್ಪನ ಪ್ರೀಮಿಯರ್ ಪದ್ಮಿನಿ ಆಲ್ದೂರಿನ ಏರಿನಲ್ಲಿ ಮುಕ್ಕಲು ಶುರು ಮಾಡಿತು. ಒಂದು ವರ್ಕ್‌ಶಾಪ್‌ನಲ್ಲಿ ಕಾರ್ಬುರೇಟರ್ ಓವರ್‌ಹಾಲ್ ಮಾಡಿದರು, ಪೆಟ್ರೋಲ್ ಪಂಪ್ ಬದಲಿಸಿದರು, ಟ್ಯಾಂಕ್ ಇಳಿಸಿ ತೊಳೆದರು. ಮುಕ್ಕುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಕೇಳಿದರು: "ಯಾವಾಗ ಕೈಕೊಡ್ತದೆ ಸಾರ್? ಮಳೇಲಾ, ಬಿಸಿ ಆದ್ಮೇಲಾ, ಏರಲ್ಲಾ, ಇಲ್ಲಾ ಜೋರಾಗಿ ಎಳೆದಾಗ್ಲಾ?" ಅಪ್ಪ ಹೇಳಿದ್ದನ್ನೆಲ್ಲ ಕೇಳಿಕೊಂಡು ಒಂದೊಂದು ಪ್ಲಗ್ಗಿಗೆ ಸರದಿಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ (ಮುಚ್ಚಳ) ತೆಗೆದು ಪಾಯಿಂಟ್, ಅಂದರೆ ಕರೆಂಟ್ ಕಡಿಯುವ ಸ್ವಿಚ್, ನೋಡಿದರು. ಅದರ ಮುಖ ಸುಟ್ಟು ನೀಲಿ ತಿರುಗಿತ್ತು. ಕಂಡೆನ್ಸರ್ ಬದಲಿಸಿದರು, ಪಾಯಿಂಟ್ ಹೊಸದು ಹಾಕಿದರು. ಗಾಡಿ ಆವತ್ತೇ ಏರು ಹತ್ತಿತು.

ಅವರ ಆ ಪ್ರಶ್ನೆ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನೀರು, ಬಿಸಿ, ಲೋಡು, ವೇಗ. ಇಗ್ನಿಷನ್ ಅಂದರೆ ಪೆಟ್ರೋಲನ್ನು ಕಿಡಿ ಕೊಟ್ಟು ಹೊತ್ತಿಸುವ ಏರ್ಪಾಡು. ಒಂದೊಂದು ಬಗೆಯ ಇಗ್ನಿಷನ್ ಈ ನಾಲ್ಕರಲ್ಲಿ ಒಂದಕ್ಕೆ ಹೆಚ್ಚು ಹೆದರುತ್ತದೆ. ಯಾವಾಗ ಸಾಯುತ್ತದೆ ಅಂತ ಸರಿಯಾಗಿ ಗಮನಿಸಿದರೆ ಯಾವ ಭಾಗ ನೋಡಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಕೈ ಹಾಕುವ ಮೊದಲು

ಪ್ಲಗ್ ವೈರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಹಳೆ ಪಾಯಿಂಟ್ ಗಾಡಿಯ ಹೊಡೆತಕ್ಕೆ ಕೈ ಜುಮ್ ಅನ್ನುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಹೊಡೆತ ಅದಕ್ಕಿಂತ ಬಹಳ ಜೋರು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುತ್ತಿರುವ ಇಂಜಿನ್ ಹತ್ತಿರ ಬರಲೇಬಾರದು. ನೆಲ ಒದ್ದೆ ಇದ್ದರೆ, ಕೈ ಒದ್ದೆ ಇದ್ದರೆ ಕೆಲಸ ಬೇಡ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಚಕ್ರಕ್ಕೊಂದು ಕಲ್ಲು. ಪಂಚೆ, ಮಫ್ಲರ್, ಸಡಿಲ ತೋಳು ಫ್ಯಾನ್ ಬೆಲ್ಟಿನ ಹತ್ತಿರ ಬೇಡ. ಎಲೆಕ್ಟ್ರಿಕ್ ಫ್ಯಾನ್ ಕೆಲವು ಗಾಡಿಗಳಲ್ಲಿ ಇಂಜಿನ್ ಆಫ್ ಇದ್ದರೂ ತಾನಾಗಿ ತಿರುಗುತ್ತದೆ.

ಪೆಟ್ರೋಲ್ ವಾಸನೆ ಬರುತ್ತಿದ್ದರೆ ಸ್ಪಾರ್ಕ್ ಪರೀಕ್ಷೆ ಮಾಡಲೇಬೇಡಿ. ಮೊದಲು ಸೋರಿಕೆ ಹುಡುಕಿ, ಗಾಳಿಯಾಡಲು ಬಿಡಿ.

ಇನ್ನೊಂದು ಮಾತು. ವೈರ್ ಕಿತ್ತು ಕಾರಿನ ಬಾಡಿ ಹತ್ತಿರ ಹಿಡಿದು "ಕರೆಂಟ್ ಬರ್ತಾ ಇದೆಯಾ" ಅಂತ ನೋಡುವ ಹಳೇ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಅದು ಬೇಡ. ಸ್ಪಾರ್ಕಿಗೆ ಹೋಗಲು ದಾರಿ ಇಲ್ಲದಿದ್ದರೆ ಆ ವೋಲ್ಟೇಜ್, ಬ್ಯಾಟರಿಯ 12 ವೋಲ್ಟನ್ನು ಏರಿಸುವ ಕಾಯಿಲ್ ಒಳಗೇ ಹಾರಿ, ಕಾಯಿಲ್ಲನ್ನೋ ಅದರ ಎಲೆಕ್ಟ್ರಾನಿಕ್ ಸ್ವಿಚ್ಚಾದ ಇಗ್ನೈಟರನ್ನೋ ಸುಡಬಹುದು. ಒಂದು ಹಳೆ ಪ್ಲಗ್ ತೆಗೆದುಕೊಳ್ಳಿ, ಅದರ ಲೋಹದ ಮೈಗೆ ವೈರ್ ಕಟ್ಟಿ, ಇನ್ನೊಂದು ತುದಿಯನ್ನು ಇಂಜಿನ್ನಿಗೆ ಕ್ಲಿಪ್ ಮಾಡಿ. ಪ್ಲಗ್ ವೈರನ್ನು ಅದಕ್ಕೆ ಸಿಕ್ಕಿಸಿ, ಕೈ ತೆಗೆದು ದೂರ ನಿಂತು ಬೇರೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಈ ಪರೀಕ್ಷಾ ಪ್ಲಗ್ ನನ್ನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ.

ನಿಮ್ಮ ಗಾಡಿಯಲ್ಲಿ ಇರುವುದು ಯಾವುದು?

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ.

ಮೊದಲನೆಯದು ಪಾಯಿಂಟ್ ಮತ್ತು ಕಂಡೆನ್ಸರ್. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರಿಗೆ ಮಾಡಿಕೊಟ್ಟ ಬಗೆ ಇದು. ಅವರ ಕಂಪನಿ ಹೆಸರು ಡೆಲ್ಕೋ. ನಮ್ಮ ಹಳೆ ಮೆಕ್ಯಾನಿಕ್‌ಗಳು ಡಿಸ್ಟ್ರಿಬ್ಯೂಟರಿಗೆ ಇವತ್ತಿಗೂ "ಡೆಲ್ಕೋ" ಅನ್ನುವುದು ಅಲ್ಲಿಂದಲೇ. ಪಾಯಿಂಟ್ ಮುಚ್ಚಿದಾಗ ಕಾಯಿಲ್ಲಿಗೆ ಕರೆಂಟ್ ತುಂಬುತ್ತದೆ, ತೆರೆದಾಗ ಆ ಕರೆಂಟ್ ಥಟ್ಟನೆ ಕಡಿದು ಸ್ಪಾರ್ಕ್ ಹುಟ್ಟುತ್ತದೆ. ಕಂಡೆನ್ಸರ್ ಇರುವುದು ಆ ಕಡಿತ ಚುರುಕಾಗಿ ಆಗಲಿ, ಪಾಯಿಂಟ್ ಸುಡದಿರಲಿ ಅಂತ. ಪದ್ಮಿನಿ, ಹಳೆ ಅಂಬಾಸಿಡರ್ ಇದೇ ಜಾತಿ. ಹೊರದೇಶದ ಆರು ಸಿಲಿಂಡರಿನ ಹಳೆ ಜಾಗ್ವಾರ್ ಇ-ಟೈಪ್, ಲೋಟಸ್ ಎಲಾನ್ ಕೂಡ ಇದೇ.

ಎರಡನೆಯದರಲ್ಲಿ ಡಿಸ್ಟ್ರಿಬ್ಯೂಟರ್ ಇರುತ್ತದೆ, ಪಾಯಿಂಟ್ ಇರುವುದಿಲ್ಲ. ಪಾಯಿಂಟಿನ ಜಾಗದಲ್ಲಿ ಶಾಫ್ಟ್ ತಿರುಗುವುದನ್ನು ಗುರುತಿಸುವ ಪಿಕಪ್ ಕಾಯಿಲ್ ಅಥವಾ ಹಾಲ್ ಸೆನ್ಸರ್ ಕೂತಿರುತ್ತದೆ, ಕರೆಂಟ್ ಕಡಿಯುವ ಕೆಲಸ ಇಗ್ನೈಟರ್ ಮಾಡುತ್ತದೆ. ಕಾರ್ಬುರೇಟರ್ ಇದ್ದ ಕಾಲದ ಮಾರುತಿ ಎಸ್ಟೀಮ್ ಹೀಗೆ. 2000ದ ಆಸುಪಾಸಿನ ಹೋಂಡಾ ಸಿಟಿ 1.5 ವಿಟೆಕ್‌ನಲ್ಲಿ ಕಾಯಿಲ್, ಇಗ್ನೈಟರ್ ಎಲ್ಲ ಡಿಸ್ಟ್ರಿಬ್ಯೂಟರ್ ಹೊಟ್ಟೆಯಲ್ಲೇ ಇವೆ. ನೋಡಲು ಅಚ್ಚುಕಟ್ಟು, ಆದರೆ ಬಿಸಿಯೂ ಅಲ್ಲೇ ಕೂಡುತ್ತದೆ.

ಮೂರನೆಯದು ಸಿಡಿಐ, ಅಂದರೆ ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್. ಇದರಲ್ಲಿ ಒಂದು ಪೆಟ್ಟಿಗೆ ಸುಮಾರು 400 ವೋಲ್ಟ್ ತುಂಬಿಟ್ಟುಕೊಂಡು ಒಮ್ಮೆಲೇ ಕಾಯಿಲ್ಲಿಗೆ ಬಿಡುತ್ತದೆ. ಪೋರ್ಷೆ 911ಕ್ಕೆ ಇದು ಬಂದದ್ದು 1969ರ ಮಾಡೆಲ್ಲಿನಿಂದ. ಕೀ ಆನ್ ಮಾಡಿದರೆ ಪೆಟ್ಟಿಗೆ ಸಣ್ಣಗೆ ಸುಂಯ್ ಅನ್ನುತ್ತದೆ. ಸದ್ದು ಇಲ್ಲದಿದ್ದರೆ ಪೆಟ್ಟಿಗೆಗೆ ಸಪ್ಲೈ ಬರುತ್ತಿಲ್ಲ, ಇಲ್ಲಾ ಪೆಟ್ಟಿಗೆ ಸತ್ತಿದೆ.

ನಾಲ್ಕನೆಯದರಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಒಂದು ಕಾಯಿಲ್ ಪ್ಯಾಕ್, ಅದರಿಂದ ನಾಲ್ಕು ವೈರ್. ಫೋರ್ಡ್ ಐಕಾನ್ 1.6 ಹೀಗೆ. ಅದರೊಳಗೆ ಎರಡು ಕಾಯಿಲ್. ಒಂದು 1 ಮತ್ತು 4ನೇ ಸಿಲಿಂಡರಿಗೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯಲ್ಲಿ ಎರಡೂ ಪ್ಲಗ್ ಒಟ್ಟಿಗೆ ಹೊಡೆಯುತ್ತವೆ, ಒಂದರದ್ದು ಕೆಲಸಕ್ಕೆ, ಇನ್ನೊಂದರದ್ದು ಖಾಲಿ.

ಮಳೆಯ ಬೆಳಗ್ಗೆ ಹತ್ತುವುದಿಲ್ಲ, ಬಿಸಿಲು ಬಂದರೆ ಹತ್ತುತ್ತದೆ

ಇದು ನೀರಿನ ಕಾಯಿಲೆ. ಮಲೆನಾಡಿನಲ್ಲಿ ಅತಿ ಹೆಚ್ಚು ಕಾಣುವುದು ಇದೇ, ಖರ್ಚು ಅತಿ ಕಡಿಮೆ ಬೀಳುವುದೂ ಇದಕ್ಕೇ.

ಮೊದಲು ಒಣ ಬಟ್ಟೆ ತೆಗೆದುಕೊಳ್ಳಿ. ಇಗ್ನಿಷನ್ ಆಫ್ ಇರಲಿ. ಕಾಯಿಲ್ ಮೂತಿ, ಪ್ಲಗ್ ವೈರ್‌ಗಳು, ಕ್ಯಾಪಿನ ಹೊರಮೈ ಒರೆಸಿ. ಕ್ಯಾಪ್ ತೆಗೆದು ಒಳಗೂ ಒರೆಸಿ. ರಾತ್ರಿ ಚಳಿಗೆ ಕ್ಯಾಪ್ ಒಳಗೆ ಇಬ್ಬನಿ ಕಟ್ಟಿಕೊಳ್ಳುತ್ತದೆ, ಹೊರಗೆ ಒಣಗಿದಂತೆ ಕಂಡರೂ ಒಳಗೆ ಹನಿ ಇರುತ್ತದೆ. ಇಷ್ಟಕ್ಕೇ ಸ್ಟಾರ್ಟ್ ಆದರೆ ಸಂತೋಷ, ಆದರೆ ಅಲ್ಲಿಗೆ ಬಿಡಬೇಡಿ. ಒಳ್ಳೆ ಕ್ಯಾಪ್, ಒಳ್ಳೆ ವೈರ್ ಇಷ್ಟು ತೇವಕ್ಕೆ ಸೋಲಬಾರದು.

ಕ್ಯಾಪನ್ನು ಬೆಳಕಿಗೆ ಹಿಡಿದು ನೋಡಿ. ಪೆನ್ಸಿಲ್ಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಅದು ಬಿರುಕು, ಇಲ್ಲವೇ ಸ್ಪಾರ್ಕ್ ಹರಿದು ಸುಟ್ಟ ದಾರಿ. ಒಮ್ಮೆ ಆ ದಾರಿ ಬಿದ್ದರೆ ಒರೆಸಿದರೂ, ಉಜ್ಜಿದರೂ ಹೋಗುವುದಿಲ್ಲ. ಕ್ಯಾಪ್ ಬದಲಿಸಿ. ನಡುವಿನ ಕಾರ್ಬನ್ ಬ್ರಷ್ ಒತ್ತಿ ನೋಡಿ, ಸ್ಪ್ರಿಂಗ್ ಮೇಲೆ ಪುಟಿಯಬೇಕು. ಕ್ಯಾಪ್ ಒಳಗೆ ತಿರುಗುವ ರೋಟರಿನ ತುದಿ ಸುಟ್ಟು ಸಣ್ಣದಾಗಿದೆಯಾ ಅಂತಲೂ ನೋಡಿ.

ಆಮೇಲೆ ರಾತ್ರಿ ಪರೀಕ್ಷೆ. ಕತ್ತಲೆಯಲ್ಲಿ, ಗಾಳಿಯಾಡುವ ಜಾಗದಲ್ಲಿ ಇಂಜಿನ್ ಓಡಲು ಬಿಟ್ಟು, ಬಾನೆಟ್ ಎತ್ತಿ ದೂರದಿಂದ ನೋಡಿ. ವೈರಿನಿಂದ ಇಂಜಿನ್ನಿಗೆ ನೀಲಿ ಕಿಡಿ ಹಾರುತ್ತಿದ್ದರೆ, ಟಿಕ್ ಟಿಕ್ ಸದ್ದು ಕೇಳಿದರೆ, ಆ ವೈರ್ ಹೋಗಿದೆ. ಸ್ಪ್ರೇ ಬಾಟಲಿಯಲ್ಲಿ ನೀರು ಮಂಜಿನ ಹಾಗೆ ಸ್ವಲ್ಪವೇ ಹಾರಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ನೀರು ಹಾರಿಸುವಾಗ ಗಾಡಿ ಮುಟ್ಟಬೇಡಿ.

ತೋಟದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿತವನ್ನೂ ನೋಡಿ. ಮಳೆಗಾಲದಲ್ಲಿ ಬೆಚ್ಚನೆ ಜಾಗ ಹುಡುಕಿ ಇಂಜಿನ್ ಮೇಲೆ ಬಂದು ಕೂರುತ್ತವೆ, ಪ್ಲಗ್ ವೈರಿನ ರಬ್ಬರ್ ತಿನ್ನುತ್ತವೆ. ವೈರಿನ ಕೆಳಭಾಗದಲ್ಲಿ ಕಡಿದಿದ್ದರೆ ಮೇಲಿನಿಂದ ಕಾಣುವುದೇ ಇಲ್ಲ.

ಇಂಥ ಕಾಯಿಲೆ ನಮ್ಮಲ್ಲಿ ಮಾತ್ರ ಅಲ್ಲ. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನಲ್ಲಿ ಡಿಸ್ಟ್ರಿಬ್ಯೂಟರ್ ಮುಂದಿನ ಗ್ರಿಲ್ಲಿಗೆ ನೇರ ಎದುರಿಗಿತ್ತು. ಮಳೆಯಲ್ಲಿ ಓಡಿಸಿದರೆ ನೀರು ಸೀದಾ ಅದರ ಮೇಲೆ. ರ‍್ಯಾಲಿ ಗೆದ್ದ ಕಾರು ಅದು, ಆದರೂ ಮಳೆಗೆ ನಿಂತುಬಿಡುತ್ತಿತ್ತು. ಜನ ಅದಕ್ಕೆ ರಬ್ಬರ್ ಹೊದಿಕೆ ಹಾಕಿ ಓಡಿಸಿದರು. ಕಾಯಿಲ್ ಪ್ಯಾಕ್ ಇರುವ ಗಾಡಿಗಳಿಗೆ ಈ ಕಾಟ ಕಡಿಮೆ, ಕ್ಯಾಪೂ ಇಲ್ಲ ರೋಟರೂ ಇಲ್ಲವಲ್ಲ. ಆದರೆ ಪ್ರೆಷರ್ ನೀರಿನಲ್ಲಿ ಇಂಜಿನ್ ತೊಳೆಸಿದರೆ ಪ್ಲಗ್ ಗುಂಡಿಯಲ್ಲಿ ನೀರು ನಿಂತು ಅವೂ ಮುಕ್ಕುತ್ತವೆ. ಸರ್ವಿಸ್ ಸ್ಟೇಷನ್‌ನಲ್ಲಿ ಇಂಜಿನ್ ವಾಷ್ ಬೇಡ ಅಂತ ಮೊದಲೇ ಹೇಳಿ.

ಒಣ ದಿನವೂ ಹತ್ತುತ್ತಿಲ್ಲ

ಬ್ಯಾಟರಿಯಿಂದ ಶುರು ಮಾಡಿ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಬೀಳಬಾರದು. ಬಿದ್ದರೆ ಸೆಲ್ಫ್ ತಿರುಗಿದರೂ ಕಾಯಿಲ್ಲಿಗೆ ಸಾಕಷ್ಟು ಕರೆಂಟ್ ಉಳಿಯುವುದಿಲ್ಲ. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಹುಡಿ ಕೆರೆದು ಬಿಸಿನೀರಿನಲ್ಲಿ ತೊಳೆಯಿರಿ. ಇಂಜಿನ್ನಿನಿಂದ ಕಾರಿನ ಬಾಡಿಗೆ ಹೋಗುವ ಅರ್ತ್ ಪಟ್ಟಿ ಬಿಗಿ ಇದೆಯಾ ನೋಡಿ.

ಈಗ ಪರೀಕ್ಷಾ ಪ್ಲಗ್ ಹಾಕಿ ಸ್ಪಾರ್ಕ್ ನೋಡಿ. ನೀಲಿ ಬಿಳುಪಿನ, ಟಪ್ ಟಪ್ ಸದ್ದಿನ ಕಿಡಿ ಬಂದರೆ ಇಗ್ನಿಷನ್ ಬಹುತೇಕ ಸರಿ ಇದೆ, ಪೆಟ್ರೋಲ್ ಕಡೆಗೆ ಹೋಗಿ. ಕಿತ್ತಳೆ ಬಣ್ಣದ ಬಡಕಲು ಕಿಡಿ ಬಂದರೆ ಕಂಡೆನ್ಸರ್, ಪಾಯಿಂಟ್, ಕಾಯಿಲ್ ಅಥವಾ ಕಡಿಮೆ ವೋಲ್ಟೇಜ್. ಏನೂ ಇಲ್ಲದಿದ್ದರೆ ಸಣ್ಣ 12 ವೋಲ್ಟ್ ಟೆಸ್ಟ್ ಲ್ಯಾಂಪ್ ತೆಗೆಯಿರಿ.

ಕೀ ಆನ್ ಮಾಡಿ ಕಾಯಿಲ್ಲಿನ ಪ್ಲಸ್ ಕಡೆಗೆ ಲ್ಯಾಂಪ್ ಇಟ್ಟರೆ ಉರಿಯಬೇಕು. ಉರಿಯದಿದ್ದರೆ ತೊಂದರೆ ಕೀ ಸ್ವಿಚ್, ಫ್ಯೂಸ್ ಅಥವಾ ವೈರಿಂಗ್. ಆಮೇಲೆ ಮೈನಸ್ ಕಡೆಗೆ ಇಟ್ಟು ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿಣಮಿಣ ಅಂದರೆ ಪಾಯಿಂಟ್ ಅಥವಾ ಇಗ್ನೈಟರ್ ಕೆಲಸ ಮಾಡುತ್ತಿದೆ, ಕಾಯಿಲ್ ಮತ್ತು ಅದರ ಮುಂದಿನದ್ದನ್ನು ನೋಡಿ. ಮಿಣುಕದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚಿಕೊಳ್ಳುತ್ತಿಲ್ಲ, ಅಥವಾ ಪಿಕಪ್ಪಿನ ಸಿಗ್ನಲ್ ಬರುತ್ತಿಲ್ಲ. ಉರಿಯದೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲಾ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ. ಸಿಡಿಐ ಗಾಡಿಯಲ್ಲಿ ಮಾತ್ರ ಈ ಲ್ಯಾಂಪ್ ಪರೀಕ್ಷೆ ಬೇಡವೇ ಬೇಡ. ಅಲ್ಲಿ ಕಾಯಿಲ್ ಟರ್ಮಿನಲ್ಲಿಗೆ ಬರುವುದೇ 400 ವೋಲ್ಟ್, ಮೈಗೆ ತಗುಲಿದರೆ ಜೀವಕ್ಕೇ ಅಪಾಯ.

ಪಾಯಿಂಟ್ ಇರುವ ಗಾಡಿಯಲ್ಲಿ ಇಂಜಿನ್ ಓಡದೆ ಕೀ ಆನ್ ಇಟ್ಟು ಹತ್ತು ನಿಮಿಷ ಮಾತಾಡುತ್ತಾ ನಿಲ್ಲಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಪಾಯಿಂಟಿನ ಮುಖ ಬೂದು ಬಣ್ಣಕ್ಕಿದ್ದರೆ ಆರೋಗ್ಯ. ಎಣ್ಣೆ ಅಥವಾ ಗ್ರೀಸ್ ಮೆತ್ತಿ ಕಪ್ಪಾಗಿದ್ದರೆ ಒರೆಸಿ, ನುಣ್ಣನೆ ಪಾಲಿಶ್ ಪೇಪರಿನಲ್ಲಿ ಒಂದೆರಡು ಸಲ ಎಳೆಯಿರಿ. ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಗುಬ್ಬಿ ಎದ್ದಿದ್ದರೆ, ನೀಲಿ ತಿರುಗಿದ್ದರೆ, ಕಂಡೆನ್ಸರ್ ಮೇಲೆ ಅನುಮಾನ ಇಡಿ. ಗ್ಯಾಪ್ ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿ) ಸುಮಾರು 0.4ರಿಂದ 0.5 ಮಿಲಿಮೀಟರ್, ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಕೈಪಿಡಿಯಲ್ಲಿ ಇರುತ್ತದೆ. ಗೇಜಿನಲ್ಲಿ ಎಣ್ಣೆ ಇದ್ದರೆ ಅದೇ ಪಾಯಿಂಟಿಗೆ ಮೆತ್ತುತ್ತದೆ, ಒರೆಸಿಕೊಂಡು ಹಾಕಿ.

ಸೆಲ್ಫ್ ಹೊಡೆಯುವಾಗ ಹತ್ತುತ್ತದೆ, ಕೀ ಬಿಟ್ಟ ಕೂಡಲೇ ಆಫ್

ಇದು ನನಗೆ ಬಹಳ ಇಷ್ಟವಾದ ಲಕ್ಷಣ, ಯಾಕೆಂದರೆ ಇದು ಒಂದೇ ಕಡೆ ಬೆರಳು ತೋರಿಸುತ್ತದೆ. ಕೆಲವು ಗಾಡಿಗಳಲ್ಲಿ ಕಾಯಿಲ್ಲಿಗೆ ಹೋಗುವ ದಾರಿಯಲ್ಲಿ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುತ್ತದೆ. ಸೆಲ್ಫ್ ಹೊಡೆಯುವಾಗ ಅದನ್ನು ಬದಿಗಿಟ್ಟು ಪೂರ್ತಿ ಬ್ಯಾಟರಿ ವೋಲ್ಟೇಜ್ ಕೊಡುತ್ತಾರೆ, ಕೀ ಬಿಟ್ಟ ಮೇಲೆ ಅದರ ಮೂಲಕ ಕೊಡುತ್ತಾರೆ. ರೆಸಿಸ್ಟರ್ ಕಡಿದುಹೋಗಿದ್ದರೆ ಸರಿಯಾಗಿ ಹೀಗೇ ಆಗುತ್ತದೆ. ಕೀ ಸ್ವಿಚ್ ಸವೆದಿದ್ದರೂ ಆಗಬಹುದು.

ದಾರಿಯಲ್ಲಿ ಇದಾದರೆ ಕೆಲವರು ಬ್ಯಾಲಸ್ಟನ್ನೇ ಬಿಟ್ಟು ನೇರ ವೈರ್ ಹಾಕುತ್ತಾರೆ. ಮನೆ ಸೇರಲು ಸರಿ, ಹಾಗೇ ಬಿಟ್ಟರೆ ಪಾಯಿಂಟ್ ಸುಟ್ಟು ಕಾಯಿಲ್ ಕುದಿಯುತ್ತದೆ. ಬ್ಯಾಲಸ್ಟ್ ಜೊತೆ ಬರುವ ಕಾಯಿಲ್ಲಿನ ಪ್ರೈಮರಿ (ಬ್ಯಾಟರಿ ಕಡೆಯ ಸುರುಳಿ) ಸುಮಾರು 1.5 ಓಮ್, ಬ್ಯಾಲಸ್ಟ್ ಇಲ್ಲದ್ದರದು ಸುಮಾರು 3 ಓಮ್. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮೀಟರ್ ಇಟ್ಟು ನೋಡಿಯೇ ತನ್ನಿ.

ಏರಿನಲ್ಲಿ, ಟಾಪ್ ಗೇರಿನಲ್ಲಿ ಎಳೆದರೆ ಮಿಸ್ಸಿಂಗ್

ನಿಂತಲ್ಲಿ ರೇಸ್ ಕೊಟ್ಟರೆ ಚೆನ್ನಾಗಿರುತ್ತದೆ. ಚಾರ್ಮಾಡಿಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಜರ್ಕ್ ಹೊಡೆಯುತ್ತದೆ. ಕಾರಣ ಸರಳ. ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಒತ್ತಡ ಜಾಸ್ತಿ ಆದಷ್ಟೂ ಪ್ಲಗ್ಗಿನ ಗ್ಯಾಪ್ ದಾಟಲು ಸ್ಪಾರ್ಕಿಗೆ ಹೆಚ್ಚು ವೋಲ್ಟೇಜ್ ಬೇಕು. ಆಗ ಅದು ಸುಲಭದ ಬೇರೆ ದಾರಿ ಹುಡುಕುತ್ತದೆ: ಬಿರುಕು ಬಿಟ್ಟ ಪ್ಲಗ್, ಹಳೆ ವೈರ್, ಕ್ಯಾಪಿನ ಕಪ್ಪು ಗೆರೆ.

ಮೊದಲು ಪ್ಲಗ್ ಬಿಚ್ಚಿ. ಇಂಜಿನ್ ತಣ್ಣಗಿರಲಿ. ಯಾವ ಪ್ಲಗ್ ಯಾವ ಸಿಲಿಂಡರಿನದು ಅಂತ ಸಾಲಾಗಿ ಇಟ್ಟುಕೊಳ್ಳಿ. ಗ್ಯಾಪ್ ಪಾಯಿಂಟ್ ಗಾಡಿಗೆ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್, ಎಲೆಕ್ಟ್ರಾನಿಕ್‌ಗೆ 0.8ರಿಂದ 1.1ರವರೆಗೆ. ಸವೆದು ಗ್ಯಾಪ್ ದೊಡ್ಡದಾದರೆ ಏರಿನಲ್ಲೇ ಮೊದಲು ಗೊತ್ತಾಗುವುದು. ತುದಿ ಕಾಫಿ ಪುಡಿ ಬಣ್ಣಕ್ಕಿದ್ದರೆ ಚೆನ್ನ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಎಣ್ಣೆ ಜಿಡ್ಡಿದ್ದರೆ ಇಂಜಿನ್ ಒಳಗಿನಿಂದ ಆಯಿಲ್ ಬರುತ್ತಿದೆ. ಎಲ್ಲ ಪ್ಲಗ್ ಒಂದೇ ಥರ ಇದ್ದು ಒಂದು ಮಾತ್ರ ಬೇರೆ ಇದ್ದರೆ ಆ ಸಿಲಿಂಡರಿನ ವೈರನ್ನೇ ಹಿಡಿಯಿರಿ. ಹೋಂಡಾ ಸಿಟಿಯಲ್ಲಿ ಪ್ಲಗ್ ಗುಂಡಿಯೊಳಗೆ ಆಯಿಲ್ ನಿಂತಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಮೇಲಿನ ಕವರಿನ ಸೀಲ್ ಹೋದರೆ ಆಯಿಲ್ ಇಳಿದು ಪ್ಲಗ್ ವೈರಿನ ರಬ್ಬರ್ ಮೆತ್ತಗಾಗುತ್ತದೆ.

ನಮ್ಮ ಊರಿನವರಿಗೆ ಇಲ್ಲೊಂದು ಎಚ್ಚರಿಕೆ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1930 ಮೀಟರ್. ಕೈಮರ ದಾಟಿ ಮೇಲೆ ಹೋದ ಹಾಗೆ ಗಾಳಿ ತೆಳ್ಳಗಾಗುತ್ತದೆ, ಕಾರ್ಬುರೇಟರ್ ಅದನ್ನು ಅರಿಯದೆ ಅಷ್ಟೇ ಪೆಟ್ರೋಲ್ ಕೊಡುತ್ತದೆ. ಪಿಕಪ್ ಕಡಿಮೆ, ಕಪ್ಪು ಹೊಗೆ, ಪ್ಲಗ್ಗಿಗೆ ಮಸಿ. ಕೆಳಗೆ ಇಳಿದ ಮೇಲೆ ಸರಿ ಹೋಗುತ್ತದೆ ಅಂದರೆ ಇಗ್ನಿಷನ್ ಮುಟ್ಟಬೇಡಿ. ಕೆಳಗಿನ ಏರಿನಲ್ಲೂ ಹಾಗೇ ಆದರೆ ಮಾತ್ರ ಮುಂದೆ ಹೋಗಿ.

ಪ್ಲಗ್, ವೈರ್, ಕ್ಯಾಪ್ ಎಲ್ಲ ಸರಿ ಇದ್ದರೆ ಆಮೇಲೆ ಕಾಯಿಲ್. ಮೀಟರಿನಲ್ಲಿ ಸೆಕೆಂಡರಿ (ಪ್ಲಗ್ ಕಡೆಯ ಸುರುಳಿ) ಕೆಲವು ಸಾವಿರ ಓಮ್ ತೋರಿಸಬೇಕು. ಮೀಟರ್ ಸರಿ ಅಂದ ಕಾಯಿಲ್ ಕೂಡ ಲೋಡಿನಲ್ಲಿ ಸೋಲಬಹುದು, ಹಾಗಾಗಿ ಕೊನೆಗೆ ಒಳ್ಳೆ ಕಾಯಿಲ್ಲೊಂದನ್ನು ಹಾಕಿ ನೋಡುವುದೇ ದಾರಿ.

ಕೆಳಗೆ ಚೆನ್ನಾಗಿದೆ, ಮೇಲಿನ ಆರ್‌ಪಿಎಂನಲ್ಲಿ ಮಾತ್ರ ತೊಡರು

ಹಳೆ ಜೋರು ಇಂಜಿನ್‌ಗಳ ಇಗ್ನಿಷನ್ ಬೇರೆ ಬೇರೆ ಬಗೆ ಯಾಕಾಯಿತು ಅನ್ನುವುದಕ್ಕೆ ಉತ್ತರ ಇಲ್ಲಿದೆ. ನಾಲ್ಕು ಸಿಲಿಂಡರ್ ಇಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 200 ಸ್ಪಾರ್ಕ್ ಬೇಕು. ಒಂದೊಂದಕ್ಕೆ 5 ಮಿಲಿಸೆಕೆಂಡ್ ಮಾತ್ರ. ಅದರಲ್ಲೂ ಪಾಯಿಂಟ್ ಮುಚ್ಚಿರುವುದು ಸುಮಾರು 3 ಮಿಲಿಸೆಕೆಂಡ್. ಕಾಯಿಲ್ ತುಂಬಬೇಕಾದದ್ದು ಅಷ್ಟರಲ್ಲೇ. ಆರು ಸಿಲಿಂಡರ್ ಆದರೆ ಸೆಕೆಂಡಿಗೆ 300, ಹನ್ನೆರಡಾದರೆ 600. ಒಂದು ಪಾಯಿಂಟ್, ಒಂದು ಕಾಯಿಲ್ ಎಲ್ಲಿ ಸಾಕು? ಅದಕ್ಕೇ ಫೆರಾರಿಯ ಹಳೆ ವಿ12 ಇಂಜಿನ್‌ಗಳಲ್ಲಿ ಎರಡು ಡಿಸ್ಟ್ರಿಬ್ಯೂಟರ್, ಎರಡು ಕಾಯಿಲ್. ಪೋರ್ಷೆ ಸಿಡಿಐ ಹಿಡಿಯಿತು, ಯಾಕೆಂದರೆ ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ತುಂಬಿಕೊಳ್ಳುತ್ತದೆ, ಮಸಿ ಹಿಡಿದ ಪ್ಲಗ್ಗನ್ನೂ ಹೊತ್ತಿಸುತ್ತದೆ. ಆದರೆ ಸಿಡಿಐ ಸ್ಪಾರ್ಕ್ ಬಹಳ ಹೊತ್ತು ನಿಲ್ಲುವುದಿಲ್ಲ. ತೆಳು ಮಿಶ್ರಣಕ್ಕೆ ಮಾಮೂಲಿ ಕಾಯಿಲ್ಲಿನ ಉದ್ದನೆಯ ಸ್ಪಾರ್ಕೇ ಮೇಲು.

ಪಾಯಿಂಟ್ ಗಾಡಿ ಮೇಲಿನ ವೇಗದಲ್ಲಿ ತೊಡರಿದರೆ ಗ್ಯಾಪ್ ದೊಡ್ಡದಿದೆಯಾ ನೋಡಿ. ಗ್ಯಾಪ್ ಹೆಚ್ಚಾದಷ್ಟೂ ಮುಚ್ಚಿರುವ ಸಮಯ ಕಡಿಮೆ. ಪಾಯಿಂಟಿನ ಸ್ಪ್ರಿಂಗ್ ಸೋತರೆ ಅದು ಕುಣಿಯುತ್ತದೆ, ಆಗಲೂ ಹೀಗೇ. ರೋಟರ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಶಾಫ್ಟ್ ಲಟಪಟ ಅಂದರೆ ಅದನ್ನು ಹಿಡಿದಿಡುವ ಬುಷ್ ಸವೆದಿದೆ, ಗ್ಯಾಪ್ ಎಷ್ಟು ಸಲ ಕಟ್ಟಿದರೂ ನಿಲ್ಲುವುದಿಲ್ಲ. ಇನ್ನೊಂದು, ಕೆಲವು ಹಳೆ ಬಿಎಂಡಬ್ಲ್ಯೂ, ಲೋಟಸ್ ಗಾಡಿಗಳ ರೋಟರಿನಲ್ಲೇ ವೇಗಮಿತಿ ಇರುತ್ತದೆ, ಇಂಜಿನ್ ಅತಿ ವೇಗಕ್ಕೆ ಹೋದರೆ ಸ್ಪಾರ್ಕ್ ಕಡಿಯುತ್ತದೆ. ಅದು ಜಂಗು ಹಿಡಿದರೆ ಬೇಗನೇ ಕಡಿಯಬಹುದು.

ಬಿಸಿಯಾದ ಮೇಲೆ ಆಫ್, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್

ಇದರಲ್ಲಿ ಬಹಳ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ, ಯಾಕೆಂದರೆ ಮೆಕ್ಯಾನಿಕ್ ಬರುವಷ್ಟರಲ್ಲಿ ಗಾಡಿ ಸರಿ ಇರುತ್ತದೆ. ಕಾಯಿಲ್, ಇಗ್ನೈಟರ್, ಪಿಕಪ್, ಕಂಡೆನ್ಸರ್ ಯಾವುದಾದರೂ ಆಗಬಹುದು. ಬಿಸಿಗೆ ಒಳಗಿನ ಸಣ್ಣ ತಂತಿ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ.

ನಿಲ್ಲುವ ಕ್ಷಣದಲ್ಲಿ ಆರ್‌ಪಿಎಂ ಮುಳ್ಳು ನೋಡಿ. ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಮುಳ್ಳು ಥಟ್ ಅಂತ ಸೊನ್ನೆಗೆ ಬಿದ್ದರೆ ಕಾಯಿಲ್ಲಿನ ಪ್ರೈಮರಿ ಕಡೆ ಕರೆಂಟ್ ಕಡಿದಿದೆ. ಗಾಡಿಯ ವೇಗದ ಜೊತೆ ನಿಧಾನ ಇಳಿದರೆ ಪೆಟ್ರೋಲ್ ಕಡೆ ನೋಡಿ. ನನ್ನ ಭಾವನ ಹೋಂಡಾ ಸಿಟಿ ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುತ್ತಾ ಬಂದಾಗ ನಿಂತುಬಿಟ್ಟಿತು. "ಪೆಟ್ರೋಲ್ ಬಿಸಿಯಾಗಿರ್ಬೇಕು ಕಣೋ" ಅಂದರು ಭಾವ. ಮುಳ್ಳು ಹೇಗೆ ಬಿತ್ತು ಅಂತ ಕೇಳಿದೆ. ಒಂದೇ ಸಲಕ್ಕೆ ಬಿತ್ತು ಅಂದರು. ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನೈಟರ್ ಬದಲಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ಅದೇ ಸಿಟಿಯಂಥ ಹೋಂಡಾಗಳಲ್ಲಿ ಇನ್ನೊಂದು ಮೋಸದ ಲಕ್ಷಣ ಇದೆ. ಬಿಸಿಲಲ್ಲಿ ನಿಲ್ಲಿಸಿ ಬಂದ ಮೇಲೆ ಸ್ಟಾರ್ಟ್ ಆಗುವುದಿಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನಬೇಕು. ಅನ್ನದಿದ್ದರೆ ಪಂಪಿಗೆ ಕರೆಂಟ್ ಕೊಡುವ ಮೇನ್ ರಿಲೇಯ ಬೆಸುಗೆ ಬಿರುಕು ಬಿಟ್ಟಿರುವುದೇ ಹೆಚ್ಚು. ಇದು ಇಗ್ನಿಷನ್ ದೋಷ ಅಲ್ಲ, ಆದರೆ ಹಾಗೇ ಕಾಣುತ್ತದೆ.

ನಿಂತ ಜಾಗದಲ್ಲೇ, ತಣ್ಣಗಾಗುವ ಮೊದಲೇ ಪರೀಕ್ಷಾ ಪ್ಲಗ್ ಹಾಕಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಮನೆಯಲ್ಲಿ ಬೇಕಾದರೆ ಹೇರ್ ಡ್ರೈಯರಿನಿಂದ ಒಂದೊಂದೇ ಭಾಗ ಬಿಸಿ ಮಾಡಿ ಯಾವುದಕ್ಕೆ ಸಾಯುತ್ತದೆ ಅಂತ ನೋಡಬಹುದು. ಹತ್ತಿರ ಪೆಟ್ರೋಲ್ ಸೋರಿಕೆ ಇರಬಾರದು ಅಷ್ಟೇ. ಹೊಸ ಇಗ್ನೈಟರ್ ಕೂರಿಸುವಾಗ ಕೆಳಗೆ ಬಿಳಿ ಶಾಖದ ಪೇಸ್ಟ್ ಹಚ್ಚುವ ಜಾತಿಯದಾಗಿದ್ದರೆ ಹಚ್ಚಿ. ಹಚ್ಚದೆ ಕೂರಿಸಿದರೆ ಹೊಸದೂ ಬೇಗ ಸುಡುತ್ತದೆ. ಚಾರ್ಜಿಂಗ್ ವೋಲ್ಟೇಜ್ ಕೂಡ ನೋಡಿ. 14ರ ಆಸುಪಾಸು ಇರಬೇಕು, 15 ದಾಟಿದರೆ ಇಗ್ನೈಟರ್ ಸುಡಲು ಅದೇ ಕಾರಣ ಇರಬಹುದು.

ನಾಕಿಂಗ್, ಸೈಲೆನ್ಸರಿನಲ್ಲಿ ಢಂ ಢಂ

ಏರಿನಲ್ಲಿ ಟಕಟಕ ನಾಕಿಂಗ್ ಬಂದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಮುಂದೆ ಹೋಗಿರಬಹುದು. ಸಪ್ಪೆ ಪಿಕಪ್, ಇಂಜಿನ್ ಬೇಗ ಬಿಸಿ, ಸೈಲೆನ್ಸರಿನಲ್ಲಿ ಸದ್ದು ಇದ್ದರೆ ಹಿಂದೆ ಬಿದ್ದಿರಬಹುದು. ಪಾಯಿಂಟ್ ಗಾಡಿಯಲ್ಲಿ ಉಜ್ಜುವ ತುಂಡು ಸವೆದ ಹಾಗೆ ಗ್ಯಾಪ್ ಕಿರಿದಾಗಿ ಟೈಮಿಂಗ್ ತಾನಾಗಿ ಹಿಂದೆ ಬೀಳುತ್ತದೆ. ಹಾಗಾಗಿ ಯಾವಾಗಲೂ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಡಿಸ್ಟ್ರಿಬ್ಯೂಟರಿಗೆ ಬರುವ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿಂದ ಎಳೆದು ನೋಡಿ. ಒಳಗಿನ ಪ್ಲೇಟ್ ತಿರುಗಬೇಕು, ನಾಲಿಗೆಯಿಂದ ಪೈಪ್ ಮುಚ್ಚಿದರೆ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ. ರೋಟರ್ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಮೇಲೆ ವಾಪಸ್ ಬರಬೇಕು, ಬರದಿದ್ದರೆ ವೇಗಕ್ಕೆ ತಕ್ಕಂತೆ ಟೈಮಿಂಗ್ ಬದಲಿಸುವ ಒಳಗಿನ ತೂಕಗಳು ಜಾಮ್. ವೈರ್ ಬಿಚ್ಚಿ ಹಾಕಿದ ಮೇಲೆ ಈ ತೊಂದರೆ ಶುರುವಾದರೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಹೊತ್ತುವ ಸರದಿ) ನೋಡಿ. ಇಲ್ಲಿ ಹೇಳಿದ ಪದ್ಮಿನಿ, ಅಂಬಾಸಿಡರ್, ಎಸ್ಟೀಮ್, ಸಿಟಿ, ಐಕಾನ್ ಎಲ್ಲದರದ್ದೂ 1-3-4-2.

ಎರಡು ಸಿಲಿಂಡರ್ ಒಟ್ಟಿಗೆ ಸತ್ತಿವೆ

ಐಕಾನಿನಂಥ ಕಾಯಿಲ್ ಪ್ಯಾಕ್ ಗಾಡಿ ಅರ್ಧ ಶಕ್ತಿಯಲ್ಲಿ ನಡುಗುತ್ತಾ ಓಡಿದರೆ ಯಾವ ಸಿಲಿಂಡರ್ ಅಂತ ಗೊತ್ತು ಮಾಡಿ. ಪ್ಲಗ್ ವೈರ್ ಕೀಳುವುದು ಬೇಡ, ಇಂಜೆಕ್ಟರ್ ಸಾಕೆಟ್ ಒಂದೊಂದೇ ಬಿಚ್ಚಿ. ಬಿಚ್ಚಿದಾಗ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಸತ್ತಿತ್ತು. 1 ಮತ್ತು 4 ಒಟ್ಟಿಗೆ ಹೋಗಿದ್ದರೆ, ಅಥವಾ 2 ಮತ್ತು 3, ಕಾಯಿಲ್ ಮೇಲೆ ಅನುಮಾನ. ಆದರೆ ಕಾಯಿಲ್ ತರುವ ಮೊದಲು ಎರಡು ವೈರ್ ನೋಡಿ, ಯಾಕೆಂದರೆ ಜೋಡಿಯ ಎರಡು ಪ್ಲಗ್ಗೂ ಒಂದೇ ಸರಪಳಿಯಲ್ಲಿವೆ, ಒಂದು ವೈರ್ ಕಡಿದರೆ ಇನ್ನೊಂದೂ ನರಳುತ್ತದೆ. ಪಕ್ಕಪಕ್ಕದ 1 ಮತ್ತು 2 ಹೋಗಿದ್ದರೆ ಕಾಯಿಲ್ ಬಿಡಿ, ಕಂಪ್ರೆಷನ್ ನೋಡಿಸಿ. ಹೆಡ್ ಗ್ಯಾಸ್ಕೆಟ್ ಇರಬಹುದು.

ಎಲ್ಲಿ ನಿಲ್ಲಿಸಬೇಕು

ಮಿಸ್ಸಿಂಗ್ ಇರುವ ಗಾಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿ) ಇದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದು ಕೆಂಡದ ಹಾಗೆ ಕಾಯುತ್ತದೆ. ಬೇಸಿಗೆಯಲ್ಲಿ ತೋಟದ ತರಗೆಲೆ ಮೇಲೆ ಅಂಥ ಗಾಡಿ ನಿಲ್ಲಿಸಿದರೆ ಬೆಂಕಿ ಹತ್ತಲು ಬೇರೇನೂ ಬೇಡ.

ಶಾಫ್ಟ್ ಬುಷ್ ಸವೆದಿದ್ದರೆ, ಸಿಡಿಐ ಪೆಟ್ಟಿಗೆ ಸತ್ತಿದ್ದರೆ, ಎಲ್ಲ ಸರಿ ಇದ್ದೂ ಕಂಪ್ರೆಷನ್ ಇಲ್ಲದಿದ್ದರೆ, ಕಾರ್ಬುರೇಟರ್ ಬಾಯಿಂದ ಬೆಂಕಿ ಹೊಡೆದರೆ, ಕೆಲಸ ನಿಲ್ಲಿಸಿ ತಿಳಿದವರ ಹತ್ತಿರ ಒಯ್ಯಿರಿ. ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗ ಆಗುತ್ತದೆ, ಮುಳ್ಳು ಹೇಗೆ ಬಿತ್ತು, ಕಿಡಿಯ ಬಣ್ಣ ಏನು, ಏನೇನು ಬದಲಿಸಿದ್ದೀರಿ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಬೇಕಾ?

ಬಹಳ ಜನ ಕೇಳುತ್ತಾರೆ. ದಿನಾ ಓಡಿಸುವ ಗಾಡಿಯಾದರೆ, ಹಾಸನ ಬೆಂಗಳೂರು ಹೈವೇಯಲ್ಲಿ ಜೋರಾಗಿ ಓಡಿಸುವವರಾದರೆ ಹಾಕಿ, ಗ್ಯಾಪ್ ಕಟ್ಟುವ ತಲೆನೋವು ಹೋಗುತ್ತದೆ. ಕ್ಯಾಪ್ ಬಿರುಕು ಬಿಟ್ಟಿದ್ದರೆ, ಶಾಫ್ಟ್ ಅಲ್ಲಾಡುತ್ತಿದ್ದರೆ ಮಾತ್ರ ಮೊದಲು ಅದನ್ನು ಸರಿಮಾಡಿ. ಸವೆದ ಡಿಸ್ಟ್ರಿಬ್ಯೂಟರಿನಲ್ಲಿ ಹೊಸ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದರೆ ಹಳೇ ಕಾಯಿಲೆ ಹಾಗೇ ಇರುತ್ತದೆ. ತೋಟದ ದಾರಿಯಲ್ಲಿ, ಫೋನ್ ಸಿಗ್ನಲ್ ಸಿಗದ ಕಡೆ ಓಡಾಡುವವರಿಗೆ ನನ್ನ ಮತ ಪಾಯಿಂಟಿಗೇ. ಪಾಯಿಂಟ್ ಸಾಯುವ ಮೊದಲು ವಾರಗಟ್ಟಲೆ ಮುಕ್ಕಿ ಹೇಳುತ್ತದೆ, ಮಾಡ್ಯೂಲ್ ಹೇಳದೆ ಹೋಗುತ್ತದೆ. ಅಪ್ಪನ ಪದ್ಮಿನಿಯಲ್ಲಿ ಈಗಲೂ ಪಾಯಿಂಟೇ ಇದೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಒಂದು ಸೆಟ್ ಪಾಯಿಂಟ್, ಒಂದು ಕಂಡೆನ್ಸರ್, ಒಂದು ರೋಟರ್, ಫೀಲರ್ ಗೇಜ್, ಒಣ ಬಟ್ಟೆ ಮತ್ತು ಆ ಪರೀಕ್ಷಾ ಪ್ಲಗ್. ಹೊಸದಾಗಿ ತಂದ ಕಂಡೆನ್ಸರನ್ನು ಮೊದಲೇ ಗಾಡಿಗೆ ಹಾಕಿ ಒಂದು ವಾರ ಓಡಿಸಿ ನೋಡಿ, ಸರಿ ಇದೆ ಅಂತ ಖಾತ್ರಿಯಾದ ಮೇಲೆ ಬಿಚ್ಚಿ ಡಬ್ಬಿಗೆ ಹಾಕಿದ್ದೇವೆ.